ಮೂರು ಎಡಿಟರ್, ಒಂದೇ ಫೈಲ್: ಕೋಡಿನ ಸಾಲು ನೆಟ್ಟಗೆ ನಿಲ್ಲಿಸುವುದು ಹೇಗೆ?

ಮಂಡಿಪೇಟೆ ಲೆಕ್ಕ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಮಂಡಿಪೇಟೆಯಲ್ಲಿ ಒಂದು ಅಂಗಡಿ ಮೇಲಿನ ಕೋಣೆಯಲ್ಲಿ ನಾವು ಮೂರು ಜನ ಕೂತು ಮೆಕ್ಕೆಜೋಳದ ವ್ಯಾಪಾರಿಗಳಿಗೆ ತೂಕದ ಚೀಟಿ, ಬಿಲ್ಲಿನ ಪ್ರೋಗ್ರಾಂ ಮಾಡಿಕೊಡುತ್ತೇವೆ. ಎಲ್ಲ ಪೈಥಾನ್ ಭಾಷೆಯಲ್ಲಿ. ಕೋಡ್ ಬರೆಯುವ ಎಡಿಟರ್ ಬೇರೆ ಬೇರೆ: ನಾನು ವಿಮ್ ಬಳಸುತ್ತೇನೆ, ಜೊತೆಗಾರ ವಿಎಸ್ ಕೋಡ್, ಇನ್ನೊಬ್ಬಳು ನೋಟ್‌ಪ್ಯಾಡ್ ಪ್ಲಸ್ ಪ್ಲಸ್. ಫೈಲ್ ಮಾತ್ರ ಒಂದೇ.

ಹೋದ ವಾರ ಒಂದು ಲೋಡ್ ಬಂತು, 42 ಚೀಲ. ಅವತ್ತು ನಾನೂ ಅಲ್ಲೇ ಇದ್ದೆ. ಒಂದೊಂದಾಗಿ ತೂಗಿ ಮುಗಿಸಿ ಚೀಟಿ ತೆಗೆದರೆ ಒಟ್ಟು ತೂಕ 61 ಕೆಜಿ ಅಂತ ಬಂತು. 25 ಕ್ವಿಂಟಲ್ ದಾಟಬೇಕಿತ್ತು. ರೈತರು ಎದುರಿಗೇ ನಿಂತಿದ್ದರು. ಚೀಟಿ ನೋಡಿದರು, ನನ್ನ ಮುಖ ನೋಡಿದರು, ಏನೂ ಮಾತಾಡಲಿಲ್ಲ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಹುಡುಕಿದಾಗ ಸಿಕ್ಕಿದ್ದು ಇದು. ಚೀಲದ ತೂಕವನ್ನು ಒಟ್ಟಿಗೆ ಕೂಡಿಸುವ ಸಾಲು, ಪ್ರತಿ ಚೀಲಕ್ಕೂ ಒಂದು ಸಲ ಸುತ್ತುವ 'ಫಾರ್' ಲೂಪಿನ ಒಳಗೆ ಇರಬೇಕಿತ್ತು, ಹೊರಗೆ ಬಂದಿತ್ತು. ಲೂಪ್ 42 ಸಲ ಸುತ್ತಿ ಮುಗಿದ ಮೇಲೆ ಕೊನೇ ಚೀಲದ ತೂಕ ಒಂದೇ ಒಂದು ಸಲ ಕೂಡಿತು. ಎರರ್ ಇಲ್ಲ, ಏನಿಲ್ಲ. ಹಿಂದಿನ ದಿನ ನಾನೇ ಬೇರೆ ಫೈಲಿನಿಂದ ಇಪ್ಪತ್ತು ಸಾಲು ತಂದು ವಿಮ್‌ನಲ್ಲಿ ಪೇಸ್ಟ್ ಮಾಡಿದ್ದೆ, ಅದು ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಓಡಿತು, ಒಂದೊಂದೇ ಸಾಲನ್ನು ಕೈಯಿಂದ ಹಿಂದಕ್ಕೆ ಎಳೆದೆ, ಆ ಒಂದು ಸಾಲನ್ನು ಒಂದು ಮಟ್ಟ ಜಾಸ್ತಿ ಎಳೆದಿದ್ದೆ.

ಈಗ ನನಗೆ ಬೇಕಾಗಿರುವುದು ಇಷ್ಟು. ಎಡಿಟರ್ ತಾನಾಗಿ ಸರಿಯಾಗಿ ಇಂಡೆಂಟ್ ಮಾಡಬೇಕು. ಮೂರೂ ಎಡಿಟರ್ ಒಂದೇ ಥರ ನಡೆದುಕೊಳ್ಳಬೇಕು. ಆಮೇಲೆ ದರದ ಪಟ್ಟಿಯಲ್ಲಿ ಸಮ ಚಿಹ್ನೆಗಳು ಮೇಲೆ ಕೆಳಗೆ ಒಂದೇ ನೇರಕ್ಕೆ ನಿಲ್ಲಬೇಕು. ಗೊತ್ತಿರುವವರು ದಯವಿಟ್ಟು ಹೇಳಿ.

ಹಳೇ ವಿಮ್ (ಚಿತ್ರದುರ್ಗ)

ಅಣ್ಣ, ಮೊದಲು ಒಂದು ಗಂಟು ಬಿಡಿಸಿಕೊಳ್ಳೋಣ. ಇಂಡೆಂಟ್ ಬೇರೆ, ಅಲೈನ್ ಬೇರೆ. ಸಾಲಿನ ಎಡಗಡೆ ಎಷ್ಟು ಜಾಗ ಬಿಡಬೇಕು ಅನ್ನುವುದು ಇಂಡೆಂಟ್, ಆ ಸಾಲು ಯಾವುದರ ಒಳಗಿದೆ ಅಂತ ಅದು ತೋರಿಸುತ್ತದೆ. ಸಾಲಿನ ನಡುವಿನ ಸಮ ಚಿಹ್ನೆ, ಕಾಮೆಂಟ್ ಇವೆಲ್ಲ ಒಂದರ ಕೆಳಗೆ ಒಂದು ನಿಲ್ಲುವುದು ಅಲೈನ್. ಎರಡನ್ನೂ ಟ್ಯಾಬ್ ಕೀ ಒಂದರಿಂದಲೇ ಮಾಡಲು ಹೋದಾಗಲೇ ತೊಂದರೆ ಶುರುವಾಗುವುದು.

ವಿಮ್ ಬಗ್ಗೆ ಹೇಳುತ್ತೇನೆ. ಸೆಟ್ಟಿಂಗ್ ಹೆಸರುಗಳನ್ನು ಕೇಳಿಸುವ ಹಾಗೆ ಕನ್ನಡದಲ್ಲಿ ಬರೆದಿದ್ದೇನೆ, ನೀವು ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ, ನಡುವೆ ಜಾಗ ಬಿಡದೆ ಹಾಕಿ. ವಿಮ್‌ನ ಸೆಟ್ಟಿಂಗ್ ಇಡುವ ವಿಮ್‌ಆರ್‌ಸಿ ಫೈಲಿನಲ್ಲಿ ಮೊದಲು 'ಫೈಲ್‌ಟೈಪ್ ಪ್ಲಗಿನ್ ಇಂಡೆಂಟ್ ಆನ್' ಇರಲಿ, ಇದಕ್ಕೆ ಮತ್ತು ಕೆಳಗೆ ಹೇಳುವ 'ಸೆಟ್' ಆಜ್ಞೆಗಳಿಗೆ ಮಾತ್ರ ಪದಗಳ ನಡುವೆ ಜಾಗ ಬೇಕು. ಇದು ಇಲ್ಲದಿದ್ದರೆ ಯಾವ ಭಾಷೆಯ ಫೈಲ್ ಅಂತಲೇ ವಿಮ್ ಗಮನಿಸುವುದಿಲ್ಲ. ಆಮೇಲೆ 'ಎಕ್ಸ್‌ಪ್ಯಾಂಡ್‌ಟ್ಯಾಬ್', ಅಂದರೆ ಟ್ಯಾಬ್ ಒತ್ತಿದರೆ ಸ್ಪೇಸ್ ಬೀಳುತ್ತದೆ. 'ಶಿಫ್ಟ್‌ವಿಡ್ತ್' 4, ಒಂದು ಮಟ್ಟ ಒಳಗೆ ಹೋಗಲು ಎಷ್ಟು ಜಾಗ ಅಂತ. 'ಸಾಫ್ಟ್‌ಟ್ಯಾಬ್‌ಸ್ಟಾಪ್' 4, ಇದರಿಂದ ಬ್ಯಾಕ್‌ಸ್ಪೇಸ್ ಒಂದು ಸಲ ಒತ್ತಿದರೆ ನಾಲ್ಕೂ ಒಟ್ಟಿಗೆ ಹೋಗುತ್ತವೆ. 'ಟ್ಯಾಬ್‌ಸ್ಟಾಪ್' ಮಾತ್ರ 8 ಇರುವ ಹಾಗೆ ಬಿಡಿ. ಬಹಳ ಜನ ಇದನ್ನೇ 4 ಮಾಡಿ ಎಲ್ಲ ಸರಿಯಾಯಿತು ಅಂದುಕೊಳ್ಳುತ್ತಾರೆ, ಅದು ಫೈಲಿನಲ್ಲಿ ಈಗಾಗಲೇ ಇರುವ ಟ್ಯಾಬ್ ಎಷ್ಟು ಅಗಲ ಕಾಣಬೇಕು ಅಂತ ಹೇಳುತ್ತದೆ ಅಷ್ಟೇ. 8 ಇದ್ದರೆ ಕದ್ದು ಕೂತ ಟ್ಯಾಬ್ ಕಣ್ಣಿಗೆ ಬೀಳುತ್ತದೆ.

'ಸ್ಮಾರ್ಟ್‌ಇಂಡೆಂಟ್' ಹಾಕಬೇಡಿ. ಹೆಸರು ಚೆನ್ನಾಗಿದೆ, ಆದರೆ ಅದನ್ನು ಮಾಡಿದ್ದು ಸಿ ಥರದ ಭಾಷೆಗಳಿಗೆ. ಹೊಸ ಸಾಲಿನ ಶುರುವಿನಲ್ಲಿ ಹ್ಯಾಷ್ ಚಿಹ್ನೆ ಹೊಡೆದರೆ ಸಾಲನ್ನು ಪೂರ್ತಿ ಎಡಕ್ಕೆ ತಳ್ಳುತ್ತದೆ. ಸಿ ಭಾಷೆಯಲ್ಲಿ ಅದು ಇನ್‌ಕ್ಲೂಡ್ ಸಾಲು, ಪೈಥಾನ್‌ನಲ್ಲಿ ಅದು ಕಾಮೆಂಟ್.

ಇನ್ನು ನಿಮ್ಮ ಮೆಟ್ಟಿಲು. ಟರ್ಮಿನಲ್‌ನಲ್ಲಿ ಪೇಸ್ಟ್ ಮಾಡಿದರೆ, ನೀವೇ ಬೇಗ ಬೇಗ ಟೈಪ್ ಮಾಡಿದಿರಿ ಅಂತಲೇ ಹಳೆಯ ವಿಮ್ ತಿಳಿಯುತ್ತದೆ. ಪ್ರತಿ ಎಂಟರ್‌ಗೂ ಮೇಲಿನ ಸಾಲಿನಷ್ಟು ಜಾಗ ತಾನು ಬಿಡುತ್ತದೆ, ಪೇಸ್ಟ್ ಮಾಡಿದ ಸಾಲಿನಲ್ಲಿ ಮೊದಲೇ ಇದ್ದ ಜಾಗ ಅದರ ಮೇಲೆ ಸೇರುತ್ತದೆ. ಹಾಗಾಗಿ ಸಾಲು ಸಾಲಿಗೂ ಬಲಕ್ಕೆ ಜಾರುತ್ತದೆ. ಪೇಸ್ಟ್‌ಗೆ ಮೊದಲು 'ಸೆಟ್ ಪೇಸ್ಟ್', ಆದಮೇಲೆ 'ಸೆಟ್ ನೋಪೇಸ್ಟ್' ಕೊಡಿ. ವಿಮ್ ಮತ್ತು ಟರ್ಮಿನಲ್ ಎರಡೂ ಹೊಸದಾಗಿದ್ದರೆ ಪೇಸ್ಟ್ ಎಂದು ತಾನೇ ಗುರುತಿಸುತ್ತದೆ, ಆ ಕೆಲಸವೂ ಉಳಿಯುತ್ತದೆ.

ವಿದ್ಯಾನಗರ ಹಾಸ್ಟೆಲ್ (ದಾವಣಗೆರೆ)

ಸರ್, ವಿಮ್‌ನಲ್ಲಿ ಜಿ ಜಿ, ಸಮ ಚಿಹ್ನೆ, ಆಮೇಲೆ ದೊಡ್ಡ ಜಿ ಒತ್ತಿದರೆ ಇಡೀ ಫೈಲ್ ತಾನೇ ಸರಿ ಆಗುತ್ತದೆ ಅಂತ ಕೇಳಿದ್ದೆ. ಅದನ್ನೇ ಮಾಡಿದ್ದರೆ ಅಣ್ಣನ ಬಿಲ್ ಸರಿ ಬರುತ್ತಿತ್ತು ಅಲ್ವಾ?

ಹಳೇ ವಿಮ್ (ಚಿತ್ರದುರ್ಗ)

ಇಲ್ಲ ತಮ್ಮ. ಒಳ್ಳೆಯ ಪ್ರಶ್ನೆ ಕೇಳಿದೆ, ಇಡೀ ವಿಷಯ ಇದರ ಮೇಲೇ ನಿಂತಿದೆ. ಸಿ, ಜಾವಾ, ಜಾವಾಸ್ಕ್ರಿಪ್ಟ್‌ನಲ್ಲಿ ಬ್ಲಾಕ್ ಎಲ್ಲಿ ಶುರು, ಎಲ್ಲಿ ಮುಗಿಯಿತು ಅಂತ ಹೂವಿನ ಬ್ರ್ಯಾಕೆಟ್ ಹೇಳುತ್ತದೆ. ಎಡಿಟರ್ ಅದನ್ನು ಎಣಿಸಿ ಸಾಲುಗಳನ್ನು ಸರಿಸುತ್ತದೆ. ಅಲ್ಲಿ ಇಂಡೆಂಟ್ ಹಾಳಾದರೂ ಅರ್ಥ ಹಾಳಾಗುವುದಿಲ್ಲ, ಮತ್ತೆ ಕಟ್ಟಬಹುದು. ಪೈಥಾನ್‌ನಲ್ಲಿ ಬ್ರ್ಯಾಕೆಟ್ ಇಲ್ಲ, ಇಂಡೆಂಟೇ ಅರ್ಥ. ಕೂಡಿಸುವ ಸಾಲು ಲೂಪಿನ ಒಳಗೆ ಇದ್ದರೂ ಸರಿಯಾದ ಪೈಥಾನ್, ಹೊರಗೆ ಇದ್ದರೂ ಸರಿಯಾದ ಪೈಥಾನ್. ಬರೆದವರ ಮನಸ್ಸಿನಲ್ಲಿ ಯಾವುದಿತ್ತು ಅಂತ ಎಡಿಟರ್‌ಗೆ ಹೇಗೆ ಗೊತ್ತಾಗಬೇಕು? ಪೈಥಾನ್ ಫೈಲಿನ ಮೇಲೆ ಆ ಆಜ್ಞೆ ಓಡಿಸಬೇಡ, ಸರಿ ಇದ್ದ ಸಾಲೂ ಜಾಗ ಬಿಡಬಹುದು.

ಕೋಟೆ ಬಾಗಿಲು (ಚಿತ್ರದುರ್ಗ)

ನಾನು ಪ್ರೋಗ್ರಾಮಿಂಗ್ ಲ್ಯಾಬ್ ತೆಗೆದುಕೊಳ್ಳುತ್ತೇನೆ, ಹೇಳಲೇಬೇಕು ಅನ್ನಿಸಿತು. ಅಣ್ಣ, ನಿಮ್ಮ ತಪ್ಪನ್ನು ಯಾವ ಇಂಡೆಂಟ್ ಸೆಟ್ಟಿಂಗೂ ಹಿಡಿಯುವುದಿಲ್ಲ, ಒಂದು ಸಣ್ಣ ಟೆಸ್ಟ್ ಹಿಡಿಯುತ್ತದೆ. ಮೂರು ಚೀಲ, 60, 61, 62, ಒಟ್ಟು 183 ಬರಬೇಕು. 62 ಬಂದರೆ ಸಾಲು ಹೊರಗೆ ಬಿದ್ದಿದೆ. ಇದನ್ನು ಬರೆಯಲು ಐದು ನಿಮಿಷ ಸಾಕು.

ಇಂಡೆಂಟ್ ಕಣ್ಣಿಗೆ ಮೋಸ ಮಾಡುವುದು ಪೈಥಾನ್‌ನಲ್ಲಿ ಮಾತ್ರ ಅಲ್ಲ. 2014ರಲ್ಲಿ ಆಪಲ್ ಫೋನು, ಕಂಪ್ಯೂಟರುಗಳಲ್ಲಿ ಸುರಕ್ಷಿತ ಸಂಪರ್ಕ ಪರೀಕ್ಷಿಸುವ ಸಿ ಕೋಡಿನಲ್ಲಿ 'ಗೋಟು ಫೇಲ್' ಅನ್ನುವ ಸಾಲು ಒಂದರ ಕೆಳಗೆ ಒಂದು ಎರಡು ಸಲ ಬಂದಿತ್ತು. ಎರಡೂ 'ಇಫ್' ಒಳಗೆ ಇದ್ದ ಹಾಗೆ ಇಂಡೆಂಟ್ ಆಗಿದ್ದವು. ಬ್ರ್ಯಾಕೆಟ್ ಇರಲಿಲ್ಲವಾದ್ದರಿಂದ ಎರಡನೆಯದು ನಿಜವಾಗಿ ಹೊರಗಿತ್ತು, ಯಾವಾಗಲೂ ಓಡುತ್ತಿತ್ತು, ಸಹಿ ಪರೀಕ್ಷೆ ಆಗುತ್ತಲೇ ಇರಲಿಲ್ಲ. ಓದಿದವರ ಕಣ್ಣು ಇಂಡೆಂಟ್ ನಂಬಿತು. 2016ರಲ್ಲಿ ಬಂದ ಸಿ ಕಂಪೈಲರ್ ಜಿಸಿಸಿ 6 ಇಂಥ ಸಾಲು ಕಂಡರೆ ದಾರಿ ತಪ್ಪಿಸುವ ಇಂಡೆಂಟ್ ಇದು ಅಂತ ಎಚ್ಚರಿಸುತ್ತದೆ. 'ವಾಲ್' ಆಯ್ಕೆ ಹಾಕಿ ಕಂಪೈಲ್ ಮಾಡಿದರೆ ಸಾಕು. ನನ್ನ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಇದನ್ನು ಹಾಕಿಸುತ್ತೇನೆ.

ಚಳ್ಳಕೆರೆ ಶೇಂಗಾ

ವಿಎಸ್ ಕೋಡ್ ಬಗ್ಗೆ ನಾನು ಹೇಳುತ್ತೇನೆ, ದಿನಾ ಅದರಲ್ಲೇ ಕೆಲಸ. ಎಲ್ಲರೂ ಸಿಕ್ಕಿಬೀಳುವ ಜಾಗ ಒಂದಿದೆ. ಟ್ಯಾಬ್ ಸೈಜ್ 2 ಅಂತ ಹಾಕುತ್ತಾರೆ, ಫೈಲ್ ತೆರೆದರೆ 4 ಇರುತ್ತದೆ, ಸೆಟ್ಟಿಂಗ್ ಕೆಲಸ ಮಾಡುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. 'ಡಿಟೆಕ್ಟ್ ಇಂಡೆಂಟೇಶನ್' ಅನ್ನುವುದು ಮೊದಲಿನಿಂದಲೇ ಆನ್ ಇರುತ್ತದೆ. ಫೈಲ್ ತೆರೆದ ತಕ್ಷಣ ಒಳಗೆ ಏನಿದೆ ಅಂತ ನೋಡಿ ಅದನ್ನೇ ಹಿಡಿಯುತ್ತದೆ, ನಿಮ್ಮ ಸಂಖ್ಯೆ ಪಕ್ಕಕ್ಕೆ. ಬೇರೆಯವರ ಫೈಲ್ ತಿದ್ದುವಾಗ ಅದು ಒಳ್ಳೆಯದೇ, ಅವರ ಪದ್ಧತಿ ಕೆಡುವುದಿಲ್ಲ. ಆದರೆ ಟ್ಯಾಬ್, ಸ್ಪೇಸ್ ಎರಡೂ ಕಲಸಿದ ಫೈಲಿನಲ್ಲಿ ಅದು ತಪ್ಪು ಊಹೆ ಮಾಡಬಹುದು.

ಕೆಳಗಡೆ ಬಲಮೂಲೆಯಲ್ಲಿ 'ಸ್ಪೇಸಸ್: 4' ಅಂತ ಕಾಣುತ್ತದಲ್ಲ, ಅದರ ಮೇಲೆ ಕ್ಲಿಕ್ ಮಾಡಿ. ಅಲ್ಲೇ ಇಡೀ ಫೈಲನ್ನು ಸ್ಪೇಸ್‌ಗೆ ಬದಲಿಸುವ ಆಯ್ಕೆ ಇದೆ. 'ರೆಂಡರ್ ವೈಟ್‌ಸ್ಪೇಸ್' ಆನ್ ಮಾಡಿದರೆ ಸ್ಪೇಸ್ ಚುಕ್ಕಿಯಾಗಿ, ಟ್ಯಾಬ್ ಬಾಣವಾಗಿ ಕಾಣುತ್ತದೆ. ಮೊದಲ ದಿನ ಕಣ್ಣಿಗೆ ಕಿರಿಕಿರಿ ಆಗಬಹುದು, ಆಮೇಲೆ ಅದಿಲ್ಲದೆ ಇರಲು ಆಗುವುದಿಲ್ಲ. 'ಫಾರ್ಮ್ಯಾಟ್ ಆನ್ ಸೇವ್' ಹಾಕಿ ಪೈಥಾನ್‌ಗೆ ಬ್ಲ್ಯಾಕ್ ಅನ್ನುವ, ಕೋಡ್ ಒಪ್ಪ ಮಾಡುವ ಉಪಕರಣ ಜೋಡಿಸಿದರೆ ಸೇವ್ ಮಾಡಿದ ಕೂಡಲೇ ಒಂದೇ ರೂಪಕ್ಕೆ ಬರುತ್ತದೆ. ಬ್ಲ್ಯಾಕ್ ಅರ್ಥ ಬದಲಿಸುವುದಿಲ್ಲ, ಸಾಲು ಒಳಗಿದ್ದರೆ ಒಳಗೇ ಇಡುತ್ತದೆ, ಹೊರಗಿದ್ದರೆ ಹೊರಗೇ ಬಿಡುತ್ತದೆ.

ವಿದ್ಯಾನಗರ ಹಾಸ್ಟೆಲ್ (ದಾವಣಗೆರೆ)

ನಂದೂ ಒಂದು ಕೇಳುತ್ತೇನೆ. ಲ್ಯಾಬ್‌ನಲ್ಲಿ ಟರ್ಬೊ ಸಿ ಇದೆ. ಅಲ್ಲಿ ಚೆನ್ನಾಗಿ ಕಾಣುವ ಪ್ರೋಗ್ರಾಂ ರೂಮಿಗೆ ತಂದು ವಿಎಸ್ ಕೋಡ್‌ನಲ್ಲಿ ತೆರೆದರೆ ಕಾಮೆಂಟ್‌ಗಳೆಲ್ಲ ಒಂದೊಂದು ದಿಕ್ಕಿಗೆ. ನಾನು ಒಂದು ಅಕ್ಷರವನ್ನೂ ಮುಟ್ಟಿಲ್ಲ. ಇನ್ನೊಂದು, ಪ್ರೋಗ್ರಾಂ ಕಟ್ಟುವ ಆಜ್ಞೆಗಳ ಮೇಕ್‌ಫೈಲ್ ಬರೆದರೆ 'ಮಿಸ್ಸಿಂಗ್ ಸೆಪರೇಟರ್' ಅಂತ ನಿಂತುಬಿಡುತ್ತದೆ. ಪುಸ್ತಕದಲ್ಲಿ ಇರುವ ಹಾಗೆಯೇ ಇದೆ, ನಾಲ್ಕು ಸಲ ನೋಡಿದೆ.

ಕೋಟೆ ಬಾಗಿಲು (ಚಿತ್ರದುರ್ಗ)

ಟ್ಯಾಬ್ ಅಂದರೆ ಇಷ್ಟು ಜಾಗ ಅಂತ ಅಲ್ಲಪ್ಪ. ಮುಂದಿನ ನಿಲ್ದಾಣಕ್ಕೆ ಹೋಗು ಅಂತ. ದಾವಣಗೆರೆಯಿಂದ ನಮ್ಮೂರಿಗೆ ಬರುವ ಬಸ್ಸು ಹತ್ತಿ ನೋಡು. ಬಸ್ ಸ್ಟ್ಯಾಂಡಿನಲ್ಲಿ ಹತ್ತಿದವನೂ, ಆನಗೋಡಿನಲ್ಲಿ ಹತ್ತಿದವನೂ ಇಳಿಯುವುದು ಭರಮಸಾಗರದಲ್ಲೇ, ಬಂದ ದೂರ ಮಾತ್ರ ಬೇರೆ. ನಿಲ್ದಾಣ ಪ್ರತಿ 8 ಮನೆಗೆ, ಅಂದರೆ 8 ಅಕ್ಷರದ ಜಾಗಕ್ಕೆ, ಒಂದು ಅಂತ ಇಟ್ಟುಕೋ. ಒಂದು ಅಕ್ಷರ ಬರೆದು ಟ್ಯಾಬ್ ಒತ್ತಿದರೆ 7 ಮನೆ ಜಿಗಿಯುತ್ತದೆ, 7 ಅಕ್ಷರ ಬರೆದು ಒತ್ತಿದರೆ ಒಂದೇ ಮನೆ. ಟರ್ಬೊ ಸಿ ನಿಲ್ದಾಣ 8ಕ್ಕೆ ಇಟ್ಟಿರುತ್ತದೆ, ವಿಎಸ್ ಕೋಡ್ 4ಕ್ಕೆ. ನಿಲ್ದಾಣ ಬದಲಾದರೆ ಇಳಿಯುವ ಜಾಗವೂ ಬದಲಾಗುತ್ತದೆ. ಸಾಲಿನ ಎಡಗಡೆ ಪೂರ್ತಿ ಟ್ಯಾಬ್ ಇದ್ದರೆ ಎಲ್ಲ ಸಾಲೂ ಒಟ್ಟಿಗೆ ಕುಗ್ಗುತ್ತವೆ, ಅಂದ ಕೆಡುವುದಿಲ್ಲ. ಸಾಲಿನ ನಡುವೆ ಟ್ಯಾಬ್ ಹಾಕಿ ಕಾಮೆಂಟ್ ನಿಲ್ಲಿಸಿದ್ದರೆ ಎಲ್ಲ ಚದುರುತ್ತದೆ. ಅದಕ್ಕೇ ಅಲೈನ್ ಮಾಡಲು ಯಾವತ್ತೂ ಸ್ಪೇಸ್ ಬಳಸು.

ಮೇಕ್‌ಫೈಲ್ ಕಥೆ ಉಲ್ಟಾ. ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಮೇಕ್ ಬರೆದಾಗ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಶುರುವಾಗಬೇಕು ಅಂತ ಇಟ್ಟರು, ಇವತ್ತಿಗೂ ಹಾಗೇ ಇದೆ. ನಿನ್ನ ಎಡಿಟರ್ ಟ್ಯಾಬನ್ನು ಸ್ಪೇಸ್ ಮಾಡಿ ಹಾಕುತ್ತಿದೆ, ಕಣ್ಣಿಗೆ ಎರಡೂ ಒಂದೇ. ಆ ಒಂದು ಫೈಲಿಗೆ ಮಾತ್ರ ಟ್ಯಾಬ್ ಇರಲಿ.

ಮಂಡಿಪೇಟೆ ಲೆಕ್ಕ (ದಾವಣಗೆರೆ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ಟೆಸ್ಟ್ ಇವತ್ತು ಬೆಳಿಗ್ಗೆಯೇ ಬರೆದೆ, ಹಳೇ ತಪ್ಪು ಕೋಡಿನ ಮೇಲೆ ಓಡಿಸಿದೆ, 62 ಅಂತ ತೋರಿಸಿತು.

ಈಗ ಅಲೈನ್ ವಿಷಯಕ್ಕೆ ಬರುತ್ತೇನೆ. ಪಟ್ಟಿಯಲ್ಲಿ ಊರಿನ ಹೆಸರು ಕನ್ನಡದಲ್ಲಿದೆ, ಪಕ್ಕದಲ್ಲಿ ದರ. ಹೆಸರಿಗೆಲ್ಲ 12 ಮನೆ ಬರಲಿ ಅಂತ 'ಎಲ್‌ಜಸ್ಟ್' ಹಾಕಿದೆ. ದಾವಣಗೆರೆಯ ಮುಂದೆ ದರ ಒಂದು ಕಡೆ, ಚಿತ್ರದುರ್ಗದ ಮುಂದೆ ದರ ಎಲ್ಲೋ ಎಡಕ್ಕೆ. 'ಲೆನ್' ಹಾಕಿ ಉದ್ದ ಕೇಳಿದೆ. ದಾವಣಗೆರೆ 8, ಚಿತ್ರದುರ್ಗ 10 ಅಂತು. ಪರದೆಯ ಮೇಲೆ ನೋಡಿದರೆ ದಾವಣಗೆರೆಯೇ ಉದ್ದ. ಇದು ಪೈಥಾನ್ ತಪ್ಪಾ, ನನ್ನ ತಪ್ಪಾ?

ಹಳೇ ವಿಮ್ (ಚಿತ್ರದುರ್ಗ)

ಯಾರ ತಪ್ಪೂ ಅಲ್ಲ. ಯೂನಿಕೋಡ್‌ನಲ್ಲಿ ಅಕ್ಷರ ಬಿಡಿ ಬಿಡಿಯಾಗಿ ಕೂತಿರುತ್ತದೆ. ದಾ, ವ, ಣ, ಗೆ, ರೆ, ನಮಗೆ ಐದು ಅಕ್ಷರ. ಒಳಗೆ ದ, ಅದರ ದೀರ್ಘ, ವ, ಣ, ಗ, ಅದರ ಎತ್ವ, ರ, ಅದರ ಎತ್ವ, ಒಟ್ಟು ಎಂಟು. ಚಿ, ತ್ರ, ದು, ರ್ಗ ನಾಲ್ಕೇ ಅಕ್ಷರ, ಆದರೆ ಎರಡು ಒತ್ತಕ್ಷರ ಇವೆ. ಒತ್ತು ಬಂದ ಕಡೆ ವಿರಾಮ, ಅಂದರೆ ಅರ್ಧಾಕ್ಷರದ ಚಿಹ್ನೆಯೂ ಒಂದು ಸಂಕೇತ, ಸೇರುವ ಅಕ್ಷರ ಇನ್ನೊಂದು. ಹಾಗಾಗಿ ಹತ್ತು. 12 ಮನೆ ತುಂಬಿಸಲು ಪೈಥಾನ್ ದಾವಣಗೆರೆಗೆ 4 ಸ್ಪೇಸ್ ಕೊಟ್ಟಿತು, ಚಿತ್ರದುರ್ಗಕ್ಕೆ 2. ಮೊದಲೇ ಗಿಡ್ಡ ಇದ್ದದ್ದಕ್ಕೆ ಇನ್ನೂ ಕಡಿಮೆ ಸಿಕ್ಕಿತು.

ಅಕ್ಷರ ಎಣಿಸಿದರೂ ಪೂರ್ತಿ ಸರಿ ಹೋಗುವುದಿಲ್ಲ. ಇಂಗ್ಲಿಷ್‌ಗೆ ಎಲ್ಲ ಅಕ್ಷರವೂ ಒಂದೇ ಅಗಲ ಇರುವ ಫಾಂಟ್ ಹಾಕುತ್ತೇವೆ. ಕನ್ನಡದಲ್ಲಿ 'ರ' ಎಷ್ಟು ಸಣ್ಣದು, 'ಣಾ' ಎಷ್ಟು ಅಗಲ ನೋಡಿ. ಕನ್ನಡ ಪದ ಬಂದ ಮೇಲೆ ಸ್ಪೇಸ್ ಎಣಿಸಿ ಕಂಬ ನಿಲ್ಲಿಸುವುದು ಆಗದ ಕೆಲಸ.

ನಾನು ಮಾಡುವುದು ಇದು. ಸಂಖ್ಯೆ ಮೊದಲು, ಕನ್ನಡ ಕೊನೆಗೆ. ದರ ಎಡಗಡೆ ನೆಟ್ಟಗೆ ನಿಲ್ಲುತ್ತದೆ, ಊರಿನ ಹೆಸರು ಬಲಕ್ಕೆ ಎಷ್ಟು ಬೇಕಾದರೂ ಚಾಚಲಿ. ಅಚ್ಚಾಗುವ ಬಿಲ್ಲಿಗೆ ಸ್ಪೇಸ್ ನಂಬಬೇಡಿ, ಎಚ್‌ಟಿಎಂಎಲ್ ಟೇಬಲ್ ಮಾಡಿ ಪ್ರಿಂಟ್ ಕೊಡಿ, ಆಗ ಅಗಲ ಅಳೆಯುವುದು ಫಾಂಟಿನ ಕೆಲಸ.

ಚಳ್ಳಕೆರೆ ಶೇಂಗಾ

ಸಮ ಚಿಹ್ನೆ ಅಲೈನ್ ಮಾಡುವ ಬಗ್ಗೆ ಯಾರೂ ಹೇಳಲಿಲ್ಲ. ನನಗೆ ಅದು ಬೇಕೇ ಬೇಕು. ದರದ ಪಟ್ಟಿಯಲ್ಲಿ 2150, 2210, 22100 ಅಂತ ಒಂದರ ಕೆಳಗೆ ಒಂದು ಇದ್ದರೆ ಸೊನ್ನೆ ಜಾಸ್ತಿ ಬಿದ್ದಿದ್ದು ಒಂದೇ ನೋಟಕ್ಕೆ ಕಾಣುತ್ತದೆ. ಅಡ್ಡಾದಿಡ್ಡಿ ಇದ್ದರೆ ಕಾಣುವುದೇ ಇಲ್ಲ.

ಹಳೇ ವಿಮ್ (ಚಿತ್ರದುರ್ಗ)

ಪಟ್ಟಿಗೆ ನಾನೂ ಒಪ್ಪುತ್ತೇನೆ. ಪಟ್ಟಿ ಅಲ್ಲದ ಕಡೆ ಬೇಡ ಅಂತೀನಿ. ಹತ್ತು ಸಾಲು ಅಲೈನ್ ಮಾಡಿ ಇಟ್ಟಿರುತ್ತೀರಿ, ಹನ್ನೊಂದನೆಯದಕ್ಕೆ ಉದ್ದದ ಹೆಸರು ಬಂತು, ಹತ್ತೂ ಸಾಲು ಬಲಕ್ಕೆ ಸರಿಸಬೇಕು. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ನೋಡಿದರೆ ಹನ್ನೊಂದು ಸಾಲು ಬದಲಾಗಿದೆ ಅಂತ ತೋರಿಸುತ್ತದೆ, ನಿಜವಾಗಿ ಬದಲಾಗಿದ್ದು ಒಂದು. 2001ರಲ್ಲಿ ಬಂದ ಪೈಥಾನ್‌ನ ಶೈಲಿ ಕೈಪಿಡಿ ಪೆಪ್ 8 ಕೂಡ ಸಮ ಚಿಹ್ನೆ ನೇರ ಮಾಡಲೆಂದು ಜಾಸ್ತಿ ಸ್ಪೇಸ್ ಹಾಕಬೇಡಿ ಅಂತಲೇ ಹೇಳುತ್ತದೆ. ಬ್ಲ್ಯಾಕ್ ಹಾಕಿದರೆ ಆ ಸ್ಪೇಸ್ ತೆಗೆದೇ ಹಾಕುತ್ತದೆ, ಪಟ್ಟಿಯ ಮೇಲೆ ಕೆಳಗೆ 'ಎಫ್‌ಎಂಟಿ ಆಫ್', 'ಎಫ್‌ಎಂಟಿ ಆನ್' ಕಾಮೆಂಟ್ ಹಾಕಿ ಅಷ್ಟು ಭಾಗ ಉಳಿಸಿಕೊಳ್ಳಬೇಕು.

ಭಾಷೆ ಬದಲಾದರೆ ಪದ್ಧತಿಯೂ ಬದಲಾಗುತ್ತದೆ. ಗೋ ಭಾಷೆಯಲ್ಲಿ ಗೋಫ್‌ಎಂಟಿ ಇಂಡೆಂಟಿಗೆ ಟ್ಯಾಬ್, ಅಲೈನ್‌ಗೆ ಸ್ಪೇಸ್ ತಾನೇ ಹಾಕುತ್ತದೆ, ಅಲ್ಲಿ ಯಾರೂ ಜಗಳ ಆಡುವುದಿಲ್ಲ. ಸಿ ಭಾಷೆಗೆ ಕ್ಲ್ಯಾಂಗ್ ಫಾರ್ಮ್ಯಾಟ್ ಇದೆ, 'ಅಲೈನ್ ಕನ್ಸೆಕ್ಯುಟಿವ್ ಅಸೈನ್‌ಮೆಂಟ್ಸ್' ಆನ್ ಮಾಡಿದರೆ ಆಯಿತು. ಕೈಯಿಂದ ಸ್ಪೇಸ್ ಹೊಡೆದು ಅಲೈನ್ ಮಾಡುವುದನ್ನು ಬಿಡಿ, ಉಪಕರಣ ಮಾಡಲಿ. ಈಮ್ಯಾಕ್ಸ್ ಬಳಸುವವರು 'ಅಲೈನ್ ರೆಜೆಕ್ಸ್‌ಪಿ' ಓಡಿಸುವ ಮುಂಚೆ 'ಇಂಡೆಂಟ್ ಟ್ಯಾಬ್ಸ್ ಮೋಡ್' ಆಫ್ ಮಾಡಿಕೊಳ್ಳಿ, ಇಲ್ಲದಿದ್ದರೆ ಸಾಲಿನ ನಡುವೆ ಟ್ಯಾಬ್ ತುಂಬುತ್ತದೆ.

ದೊಡ್ಡಕ್ಷರ (ಹಿರಿಯೂರು)

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ನನಗೆ ಕಣ್ಣು ಕಡಿಮೆ ಕಾಣುತ್ತದೆ. ಪರದೆಯಲ್ಲಿ ಅಕ್ಷರ ಬಹಳ ದೊಡ್ಡದು ಮಾಡಿ ಕೆಲಸ ಮಾಡುತ್ತೇನೆ, ಒಂದು ಸಾಲಿಗೆ ಮೂವತ್ತು, ಮೂವತ್ತೈದು ಅಕ್ಷರ ಹಿಡಿದರೆ ಜಾಸ್ತಿ. 4 ಸ್ಪೇಸ್ ಇಂಡೆಂಟ್ ಇರುವ ಕೋಡ್ ನಾಲ್ಕು ಮಟ್ಟ ಒಳಗೆ ಹೋದರೆ ಅರ್ಧ ಪರದೆ ಖಾಲಿ ಜಾಗ. ಟ್ಯಾಬ್ ಇದ್ದರೆ ನಾನು ನನ್ನ ಎಡಿಟರ್‌ನಲ್ಲಿ ಅದರ ಅಗಲ 1 ಮಾಡಿಕೊಂಡು ಓದುತ್ತೇನೆ, ಫೈಲ್ ಬದಲಾಗುವುದಿಲ್ಲ, ಬೇರೆಯವರಿಗೆ ತೊಂದರೆ ಇಲ್ಲ. ಬ್ರೈಲ್ ಪಟ್ಟಿ ಬಳಸುವವರಿಗೂ ಇದೇ ಕಷ್ಟ, ಒಂದೊಂದು ಸ್ಪೇಸ್ ಒಂದೊಂದು ಮನೆ ತಿನ್ನುತ್ತದೆ. ಪೈಥಾನ್‌ನಲ್ಲಿ ಸ್ಪೇಸ್ ಪದ್ಧತಿ ಅಂತ ಗೊತ್ತು. ಭಾಷೆ ಒತ್ತಾಯ ಮಾಡದ ಕಡೆ ಟ್ಯಾಬ್ ಇಡಬಹುದಾ ಅಂತ ನೋಡಿ.

ಮಂಡಿಪೇಟೆ ಲೆಕ್ಕ (ದಾವಣಗೆರೆ)

ಅಣ್ಣ, ಈ ಕಡೆಯಿಂದ ನಾನು ಯೋಚನೆಯೇ ಮಾಡಿರಲಿಲ್ಲ. ಹೇಳಿದ್ದು ಬಹಳ ಒಳ್ಳೆಯದಾಯಿತು.

ಇವತ್ತು ಮಧ್ಯಾಹ್ನ ಮೂವರೂ ಕೂತು ತೀರ್ಮಾನ ಮಾಡಿದೆವು. ಪ್ರಾಜೆಕ್ಟ್ ಫೋಲ್ಡರಿನಲ್ಲಿ, ಎಲ್ಲ ಎಡಿಟರ್‌ಗೂ ಒಂದೇ ಇಂಡೆಂಟ್ ನಿಯಮ ಹೇಳುವ 'ಎಡಿಟರ್‌ಕಾನ್ಫಿಗ್' ಫೈಲ್ ಇಟ್ಟೆವು, ಹೆಸರಿನ ಮುಂದೆ ಚುಕ್ಕಿ ಇರಬೇಕು. ಮೇಲೆ 'ರೂಟ್' ಟ್ರೂ. ಪೈಥಾನ್ ಫೈಲಿಗೆ ಸ್ಪೇಸ್, 4. ಬಿಲ್ ತೋರಿಸುವ ಜಾವಾಸ್ಕ್ರಿಪ್ಟ್, ಸಿಎಸ್ಎಸ್ ಫೈಲಿಗೆ ಟ್ಯಾಬ್, ಅಗಲ ಅವರವರ ಇಷ್ಟ. ಮೇಕ್‌ಫೈಲಿಗೆ ಟ್ಯಾಬ್. ವಿಎಸ್ ಕೋಡ್‌ಗೆ ಮತ್ತು ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೆ ಇದನ್ನು ಓದುವ ಪ್ಲಗಿನ್ ಹಾಕಬೇಕಾಯಿತು, ನನ್ನ ವಿಮ್ ಹೊಸದಾದ್ದರಿಂದ ಜೊತೆಗೇ ಬಂದಿತ್ತು, 'ಪ್ಯಾಕ್‌ಆಡ್' ಅಂತ ಒಂದು ಸಾಲು ಸೇರಿಸಿದೆ ಅಷ್ಟೇ.

ಒಂದು ಅನುಮಾನ ಉಳಿದಿದೆ. ಹಳೇ ಫೈಲುಗಳನ್ನೆಲ್ಲ ಈಗ ಒಟ್ಟಿಗೆ ಸರಿ ಮಾಡಿದರೆ, ಯಾವ ಸಾಲು ಯಾರು ಬರೆದರು ಅಂತ ಗಿಟ್ ಬ್ಲೇಮ್‌ನಲ್ಲಿ ನೋಡಿದಾಗ ಎಲ್ಲ ನನ್ನ ಹೆಸರೇ ಬರುತ್ತದೆ ಅಲ್ವಾ?

ಹಳೇ ವಿಮ್ (ಚಿತ್ರದುರ್ಗ)

ಬರುತ್ತದೆ, ಅದಕ್ಕೆ ದಾರಿ ಇದೆ. ಇಂಡೆಂಟ್ ಸರಿ ಮಾಡಿದ್ದನ್ನು ಬೇರೆಯೇ ಕಮಿಟ್ (ಗಿಟ್‌ನಲ್ಲಿ ಒಂದು ಸಲದ ದಾಖಲೆ) ಮಾಡಿ, ಅದರಲ್ಲಿ ಬೇರೆ ಒಂದು ಅಕ್ಷರವೂ ಬದಲಾಗಿರಬಾರದು. ಪೈಥಾನ್ ಫೈಲಿನಲ್ಲಿ ಏನು ಬದಲಾಯಿತು ಅಂತ ತೋರಿಸುವ 'ಗಿಟ್ ಡಿಫ್' ಸಾಲು ಸಾಲಾಗಿ ಕೂತು ಓದಿ, ಯಾಕೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆ ಕಮಿಟ್ಟಿನ ಸಂಖ್ಯೆಯನ್ನು ಒಂದು ಫೈಲಿನಲ್ಲಿ ಬರೆದಿಟ್ಟು, ಗಿಟ್ ಸೆಟ್ಟಿಂಗಿನಲ್ಲಿ 'ಬ್ಲೇಮ್ ಡಾಟ್ ಇಗ್ನೋರ್‌ರೆವ್ಸ್‌ಫೈಲ್' ಅಂತ ಆ ಫೈಲನ್ನು ತೋರಿಸಿ. 2019ರ ಗಿಟ್ 2.23ರಿಂದ ಇದು ಇದೆ. ಬ್ಲೇಮ್ ಆ ಕಮಿಟ್ ದಾಟಿ ಹಿಂದಕ್ಕೆ ಹೋಗಿ ನಿಜವಾಗಿ ಬರೆದವರನ್ನು ತೋರಿಸುತ್ತದೆ.

ಮಂಡಿಪೇಟೆ ಲೆಕ್ಕ (ದಾವಣಗೆರೆ)

ಮಾಡಿದೆ. 14 ಫೈಲ್, ಒಂದೇ ಕಮಿಟ್. ಡಿಫ್ ಓದಲು ಒಂದೂವರೆ ಗಂಟೆ ಹಿಡಿಯಿತು, ಇನ್ನೊಂದು ಫೈಲಿನಲ್ಲಿ ಹಮಾಲಿ ಕೂಲಿ ಕಳೆಯುವ ಸಾಲು ಟ್ಯಾಬ್‌ನಲ್ಲಿತ್ತು, ಅದರ ಮೇಲಿನ ಸಾಲು ಸ್ಪೇಸ್‌ನಲ್ಲಿ. ಓಡಿಸಿ ನೋಡಿದರೆ ಪೈಥಾನ್ 3 'ಟ್ಯಾಬ್‌ಎರರ್' ಕೊಟ್ಟಿತು, ಆ ಫೈಲ್ ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ನಾಳೆ ಬೆಳಿಗ್ಗೆ ಅದೇ ವ್ಯಾಪಾರಿ ಹತ್ತಿರ ಹೋಗುತ್ತಿದ್ದೇನೆ, 42 ಚೀಲದ ಚೀಟಿ ಸರಿ ಮಾಡಿ ಆ ರೈತರಿಗೆ ನನ್ನ ಕೈಯಾರೆ ಕೊಡಬೇಕು.

ವಿದ್ಯಾನಗರ ಹಾಸ್ಟೆಲ್ (ದಾವಣಗೆರೆ)

ಮೇಕ್‌ಫೈಲ್ ಓಡಿತು ಅಕ್ಕ! ವಿಎಸ್ ಕೋಡ್‌ನಲ್ಲಿ ಚುಕ್ಕಿ ಇದ್ದ ಕಡೆ ಬಾಣ ಬಂತು, ತಕ್ಷಣ ಓಡಿತು.